ಹತ್ತು ಒಳಗೆ, ಒಂಬತ್ತು ಹೊರಗೆ

ಚಾಂದಪಾಶಾನಿಗೆ ಆ ಕ್ಲಿನಿಕ್ಕಿನ ದಾರಿ ತೋರಿಸಿದವನು ನಾನೇ. ಆದ್ದರಿಂದ ಆಮೇಲೆ ಆದದ್ದಕ್ಕೆಲ್ಲ ಅರ್ಧ ಪಾಲು ನನ್ನದು ಎಂದು ಅವನ ಹೆಂಡತಿ ಹಾಜಿರಾ ಇವತ್ತಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಕಾಲು ಪಾಲು ಅಂದರೆ ಒಪ್ಪಿಕೊಂಡೇನು.

ಶಹಾಬಜಾರದ ಓಣಿಯೊಂದರಲ್ಲಿ ನನ್ನ ಔಷಧಿ ಅಂಗಡಿ ಇದೆ. ಎದುರಿಗೇ ಚಾಂದಪಾಶಾನ ಗಾದಿ ಅಂಗಡಿ. ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು, ಒಳಗೆ ಅರಳೆ ಹಿಂಜುವ ಯಂತ್ರ, ಹೊರಗೆ ಕಟ್ಟೆಯ ಮೇಲೆ ಒಂದು ಚಾಪೆ. ಮೂವತ್ತು ವರ್ಷದಿಂದ ಅವನ ಅರಳೆಯ ಧೂಳು ಹಾರಿ ಬಂದು ನನ್ನ ಗುಳಿಗೆ ಡಬ್ಬಿಗಳ ಮೇಲೆ ಕೂಡುತ್ತದೆ. ಮೂವತ್ತು ವರ್ಷದಿಂದ ನಾನು ಬಯ್ಯುತ್ತೇನೆ, ಅವನು ನಗುತ್ತಾನೆ. ಈಗ ಐವತ್ತೆಂಟು ದಾಟಿದ್ದಾನೆ, ತೆಳ್ಳಗಿನ ಆಳು, ಹುಬ್ಬಿನ ಮೇಲೂ ಅರಳೆ. ಸೇಡಂ ರಸ್ತೆಯಲ್ಲಿ ಫೋಮಿನ ಗಾದಿಗಳು ಬಂದ ಮೇಲೆ ಅವನ ಕಸುಬು ಅರ್ಧ ಇಳಿಯಿತು. ಆದರೂ ಅರಳೆ ಗಾದಿಯ ಮೇಲಲ್ಲದೆ ನಿದ್ದೆ ಬಾರದ ಹಳೆಯ ಜನ ನಮ್ಮಲ್ಲಿ ಇನ್ನೂ ಇದ್ದಾರೆ, ಅವರೇ ಅವನ ಗಿರಾಕಿಗಳು.

ಅವನ ಒಂದು ಪದ್ಧತಿ ಓಣಿಗೆಲ್ಲ ಗೊತ್ತು. ಗಾದಿಯೊಳಗೆ ಸೂಜಿ ಉಳಿಯುವುದೆಂದರೆ ಅವನ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಅರಳೆಯಲ್ಲಿ ಬಿದ್ದ ಸೂಜಿ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಒಂದು ದಿನ ಮಲಗಿದವರ ಬೆನ್ನಿಗೇ ಸಿಗುತ್ತದೆ. ಅದಕ್ಕೆ ಅವನ ಅಪ್ಪ ಕಲಿಸಿದ ಪ್ರಕಾರ, ಹೊಲಿಗೆಗೆ ಕೂಡುವ ಮೊದಲು ಮನೆಯ ಹೆಂಗಸನ್ನು ಕರೆದು ಸೂಜಿಗಳನ್ನು ಅಂಗೈಯಲ್ಲಿಟ್ಟು ತೋರಿಸುತ್ತಾನೆ. ಎರಡು ದಬ್ಬಣ, ಅಂಚು ಮುಚ್ಚಲು ಬೆರಳುದ್ದದ ಒಂದು ಸೂಜಿ, ಒಟ್ಟು ಮೂರು. ಕೆಲಸ ಮುಗಿದ ಮೇಲೆ ಅದೇ ಹೆಂಗಸನ್ನು ಮತ್ತೆ ಕರೆದು ಅದೇ ಮೂರನ್ನು ತೋರಿಸಿ, ಆಮೇಲೆಯೇ ಗಾದಿ ಎತ್ತಿ ಕೊಡುತ್ತಾನೆ. ಇರಲಿ ಬಿಡು ಅಂದರೂ ಬಿಡುವವನಲ್ಲ. ನನ್ನ ಹೆಂಡತಿ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಬಂದವಳು, ಇವನ ಎಣಿಕೆ ಮುಗಿಯುವಷ್ಟರಲ್ಲಿ ಹಾಲು ಉಕ್ಕಿಸಿಕೊಂಡಳು.

ಹೋದ ವರ್ಷ ಎಳ್ಳಮಾಸಿ ಹಬ್ಬ ಕಳೆದ ವಾರ ಅವನ ಬಲಗೈ ಮೇಲೇಳದಾಯಿತು. ನೋವು ಭುಜದ ಮುಂದುಗಡೆ ಹುಟ್ಟಿ ತೋಳಿನಗುಂಟ ಮೊಣಕೈವರೆಗೆ ಇಳಿಯುತ್ತಿತ್ತು. ಟೋಪಿ ಹಾಕಿಕೊಳ್ಳಲು ಎಡಗೈ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಬರುವ ಬದಲು ಬಾಯಿಯೇ ತಾಟಿನ ಹತ್ತಿರ ಹೋಗುತ್ತಿತ್ತು. ನಲವತ್ತು ವರ್ಷ ದಬ್ಬಣ ಎಳೆದ ಕೈ ಅದು. ಮುಲಾಮು ಕೊಟ್ಟೆ, ಗುಳಿಗೆ ಕೊಟ್ಟೆ, ಬಿಸಿನೀರಿನ ಚೀಲ ಕೊಟ್ಟೆ. ಎಲುಬಿನ ಡಾಕ್ಟರು ನೋಡಿ, ಎಲುಬು ಗಟ್ಟಿಯಿದೆ, ಇದು ಸ್ನಾಯುವಿನ ನೋವು, ಫಿಜಿಯೋಥೆರಪಿಗೆ ಹೋಗು ಎಂದರು. ಆಗ ನಾನು ಸೇಡಂ ರಸ್ತೆಯ ಹೊಸ ಕ್ಲಿನಿಕ್ಕಿನ ಹೆಸರು ಹೇಳಿದೆ. ಅಲ್ಲಿ ಯಶೋಧರಾ ಎಂಬ ಹುಡುಗಿ ಸ್ನಾಯುವಿಗೆ ಒಣ ಸೂಜಿ ಚುಚ್ಚುತ್ತಾಳೆ, ನನ್ನ ಗಿರಾಕಿಗಳಲ್ಲಿ ಇಬ್ಬರಿಗೆ ಹಗುರಾಗಿದೆ ಎಂದೆ.

ಸೂಜಿ ಅಂದ ಕೂಡಲೇ ಚಾಂದಪಾಶಾ ತಯಾರಾದ. ನಮ್ಮ ಕಡೆ ಸೂಜಿ ಚುಚ್ಚದ ಡಾಕ್ಟರನ್ನು ಯಾರೂ ಡಾಕ್ಟರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಗಡಿ ಬಂದವರೂ ಸೂಜಿ ಮಾಡಿಸಿಕೊಳ್ಳದೆ ಮನೆಗೆ ಹೋಗುವುದಿಲ್ಲ. ಆದರೆ ಒಣ ಎಂಬ ಮಾತು ಅವನ ತಲೆಗೆ ಹೋಗಲೇ ಇಲ್ಲ, ಅದನ್ನು ನಾನೂ ಬಿಡಿಸಿ ಹೇಳಲಿಲ್ಲ. ನನ್ನ ಕಾಲು ಪಾಲು ಅಂದರೆ ಇದೇ.

ಕ್ಲಿನಿಕ್ಕಿನಲ್ಲಿ ಯಶೋಧರಾ ಅವನನ್ನು ಕೂಡಿಸಿ, ಬೆನ್ನಿನ ರೆಕ್ಕೆಯ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದಳು. ಅವನು ತೋಳು ಹಿಡಿದುಕೊಂಡು ಬಗ್ಗಿದ. ಬೆನ್ನಿಗೆ ಒತ್ತಿದರೆ ತೋಳು ಯಾಕೆ ನೋಯುತ್ತದೆ ಎಂದು ಅವಳನ್ನಲ್ಲ, ನನ್ನನ್ನು ಕೇಳಿದ. ಅವಳೇ ಸಾವಕಾಶವಾಗಿ ತಿಳಿಸಿದಳು. ಸ್ನಾಯುವಿನಲ್ಲಿ ಬಿಗಿಯಾದ ಗಂಟುಗಳಾಗುತ್ತವೆ, ಗಂಟು ಒಂದು ಕಡೆ ಇದ್ದರೆ ನೋವು ಇನ್ನೊಂದು ಕಡೆ ಕಾಣುತ್ತದೆ, ಆ ಗಂಟಿಗೆ ಸಣ್ಣ ಸೂಜಿ ತಾಗಿಸಿದರೆ ಅದು ಒಮ್ಮೆ ಹಾರಿ ಸಡಿಲಾಗುತ್ತದೆ. ಎಲ್ಲರಿಗೂ ಗುಣ ಬರುತ್ತದೆ ಎಂದು ಹೇಳಲಾರೆ, ಯಾಕೆ ಗುಣ ಬರುತ್ತದೆ ಎಂಬುದರಲ್ಲಿ ದೊಡ್ಡ ದೊಡ್ಡವರಿಗೇ ಒಮ್ಮತವಿಲ್ಲ ಎಂದೂ ಹೇಳಿದಳು. ಅಷ್ಟು ಖರೇ ಮಾತಾಡುವ ಹುಡುಗಿ ನನಗೆ ಹಿಡಿಸಿದಳು. ಚಾಂದಪಾಶಾನಿಗೆ ಮಾತ್ರ ಇದು ಇನ್ನಷ್ಟು ಗೊಂದಲವಾಯಿತು. ಗುಣ ಬರುತ್ತದೋ ಇಲ್ಲವೋ ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಅವಳು ಸೂಜಿಯ ಪೊಟ್ಟಣ ಹರಿದಾಗ ಅವನ ಮುಖ ನೋಡಬೇಕಿತ್ತು. ಕೂದಲೆಳೆಯಷ್ಟು ತೆಳ್ಳಗಿನ ಸೂಜಿ, ಹಿಂದೆ ಒಂದು ಸಣ್ಣ ಹಿಡಿ. ಸಿರಿಂಜೂ ಇಲ್ಲ, ಸೀಸೆಯೂ ಇಲ್ಲ.

"ಔಷಧಿ ಎಲ್ಲದರೀ?" ಎಂದು ಕೇಳಿದ.

ಔಷಧಿ ಇಲ್ಲ, ಬರೀ ಸೂಜಿ ಎಂದಳು. ಅವನು ನನ್ನ ಕಡೆ ತಿರುಗಿ, ಇದ್ಯಾವ ಊರಿನ ನ್ಯಾಯ ಎನ್ನುವ ಹಾಗೆ ನೋಡಿದ. ನಾನು ಮಲಗು ಎಂದು ಸನ್ನೆ ಮಾಡಿದೆ. ಅಂಗಿ ಬಿಚ್ಚಿ ಬೋರಲು ಮಲಗಿದ, ಅವಳು ಪರದೆ ಎಳೆದಳು. ನಾನು ಈಚೆ ಸ್ಟೂಲಿನ ಮೇಲೆ ಕೂತೆ. ಬೆರಳಿನಿಂದ ಸೂಜಿ ತಟ್ಟಿ ಇಳಿಸುವ ಟಕ್ ಎಂಬ ಸಣ್ಣ ಸಪ್ಪಳ, ಅವನು ಉಸಿರು ಬಿಗಿಹಿಡಿದದ್ದು, ಮತ್ತೆ ಟಕ್. ನಡುವೆ ಅವಳ ಫೋನು ರಿಂಗಾಯಿತು. ಮಾತಾಡುತ್ತಲೇ ಒಂದೊಂದಾಗಿ ತೆಗೆದು ಸ್ಟೀಲಿನ ತಾಟಿಗೆ ಹಾಕಿದಳು. ಆಮೇಲೆ ಅವನು ಕೇಳಿದ್ದು, ಅವಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಎಲ್ಲಾ ಬಂದಾವೇನ್ರಿ?"

"ಎಲ್ಲಾ ಬಂದಾವ್ರಿ ಕಾಕಾ."

ಆಟೋದಲ್ಲಿ ಅವನು ಎಡಗೈಯ ಬೆರಳು ಮಡಚುತ್ತ ಬಿಚ್ಚುತ್ತ ಕೂತ. ನೋವಿರಬೇಕು ಎಂದುಕೊಂಡೆ. ಓಣಿಯ ಬಾಯಲ್ಲಿ ಇಳಿದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದ.

"ಶಿವಲಿಂಗಣ್ಣ, ಹತ್ತು ಒಳಗ ಹೋದವು. ಒಂಬತ್ತು ಹೊರಗ ಬಂದಾವ."

ಬೋರಲು ಮಲಗಿದವನಿಗೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಕಿವಿಯಿಂದ ಎಣಿಸಿದ್ದ. ಹತ್ತು ಸಲ ಟಕ್ ಎಂದಿತು, ತಾಟಿನಲ್ಲಿ ಒಂಬತ್ತು ಸಲ ಸಪ್ಪಳವಾಯಿತು. ನಾನು ನಕ್ಕೆ. ಆ ಸೂಜಿಗೆ ಹಿಂದೆ ಸೂಜಿಗಿಂತ ದಪ್ಪದ ಹಿಡಿ ಇರುತ್ತದೆ, ಪೂರಾ ಒಳಗೆ ಹೋಗುವುದು ಸಾಧ್ಯವೇ ಇಲ್ಲ ಎಂದು ತಿಳಿಸಿದೆ. ಹಿಡಿಯಿಂದ ಮುರಿದಿದ್ದರೆ ಎಂದ. ಹಾಗೆ ಮುರಿಯುವುದಿಲ್ಲ ಎಂದೆ. ದಬ್ಬಣವೇ ಮುರಿಯುತ್ತದೆ, ಕೂದಲಿನಂಥದ್ದು ಮುರಿಯುವುದಿಲ್ಲವೇ ಎಂದ. ಔಷಧಿ ಮಾರುವವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ಜಂಬದಿಂದ, ಹುಚ್ಚನ ಹಾಗೆ ಮಾತಾಡಬೇಡ ಎಂದು ಗದರಿಸಿ ಮನೆಗೆ ಕಳಿಸಿದೆ.

ಮೊದಲೆರಡು ದಿನ ಚುಚ್ಚಿದ ಜಾಗ ಬಾವು ಬಂದ ಹಾಗೆ ನೋಯಿತು. ಹಾಗಾಗುತ್ತದೆ ಎಂದು ಯಶೋಧರಾ ಮೊದಲೇ ಹೇಳಿದ್ದಳು. ಅವನಿಗೆ ಮಾತ್ರ ಅದು ಸಾಕ್ಷಿ. ಮೂರನೆಯ ದಿನ ನೋವು ಹೋಯಿತು. ಬಾವಿನ ನೋವೂ ಹೋಯಿತು, ತೋಳಿನ ಹಳೆಯ ನೋವೂ ಹೋಯಿತು. ಕೈ ತಲೆಯ ಮೇಲೆ ಏಳುತ್ತಿತ್ತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆವತ್ತು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದವನು ನೋಡುತ್ತೇನೆ, ಎದುರಿನ ಕಟ್ಟೆಯ ಮೇಲೆ ಚಾಂದಪಾಶಾ ಬಲಗೈಯನ್ನು ಟವೆಲ್ಲಿನಿಂದ ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದಾನೆ. ಕೈ ಆಡಿಸಿದರೆ ಒಳಗಿನ ಸೂಜಿ ಸರಿಯುತ್ತದೆ, ಸರಿದು ಸರಿದು ಎದೆಗೆ ಹೋಗುತ್ತದೆ ಎಂಬುದು ಅವನ ಲೆಕ್ಕ. ಅರಳೆಯಲ್ಲಿ ಬಿದ್ದ ಸೂಜಿ ಇದ್ದಲ್ಲಿ ಇರುವುದಿಲ್ಲವಂತೆ, ಮಲಗಿದವರು ಹೊರಳಿದ ಹಾಗೆ ಅದೂ ಹೊರಳುತ್ತದಂತೆ.

ಹಾಜಿರಾ ನನ್ನ ಅಂಗಡಿಗೆ ಬಂದು ಬಾಯಿ ಮಾಡಿದಳು. ನೋವಿದ್ದಾಗ ನೋವಿದೆ ಎಂದು ಕೆಲಸ ಮಾಡಲಿಲ್ಲ, ಈಗ ನೋವಿಲ್ಲ ಎಂದು ಕೆಲಸ ಮಾಡುವುದಿಲ್ಲ, ನಾಲ್ಕು ಮನೆಯ ಗಾದಿ ಬಿಚ್ಚಿ ಹಾಗೇ ಬಿದ್ದಿವೆ, ಆ ಜನ ನೆಲದ ಮೇಲೆ ಮಲಗುತ್ತಿದ್ದಾರೆ ಎಂದಳು. ಎಕ್ಸ್‌ರೇ ತೆಗೆಸೋಣ ಎಂದು ನಾನು ಅವನನ್ನು ಎಬ್ಬಿಸಲು ಹೋದೆ. ಅವನು ಕೂತಲ್ಲಿಂದ ಅಲುಗಲಿಲ್ಲ.

"ಫೋಟೋದಾಗ ಬಂದ್ರ ಕೊಯ್ತಾರ. ಬರದಿದ್ರ ನಾ ಹುಚ್ಚ ಅಂತ ಆಗ್ತದ. ಎರಡೂ ಬ್ಯಾಡ."

ಇಂಥ ಉತ್ತರಕ್ಕೆ ಮದ್ದು ನನ್ನ ಅಂಗಡಿಯಲ್ಲಿಲ್ಲ. ಸಿಟ್ಟು ಬಂದು, ಅವನೆದುರಿಗೇ ಯಶೋಧರಾಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಒಂದು ಸೂಜಿ ಉಳಿದಿದೆ ಎಂದು ಇವನಿಗೆ ಅನುಮಾನ, ನೀನೇ ಹೇಳು ತಾಯಿ ಎಂದೆ. ಇಲ್ಲ ಅಂಕಲ್, ಎಲ್ಲಾ ತೆಗೆದಿದ್ದೇನೆ, ಏನೂ ಉಳಿದಿಲ್ಲ ಎಂದಳು. ನಾನು ಗೆದ್ದವನ ಹಾಗೆ ಫೋನು ಇಟ್ಟೆ. ಚಾಂದಪಾಶಾ ತಲೆ ಅಲ್ಲಾಡಿಸಿದ. ಅವಳು ಬಹಳ ಲಗೂನ, ತಟ್ಟನೆ ಅಂದಳು, ಎಣಿಸಿದವರು ಅಷ್ಟು ಲಗೂನ ಅನ್ನುವುದಿಲ್ಲ, ಎಣಿಸಿದವರು ಒಂದು ಸಲ ನೆನಪು ಮಾಡಿಕೊಂಡು ಆಮೇಲೆ ಹೇಳುತ್ತಾರೆ ಎಂದ. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

ಉತ್ತರ ಮರುದಿನ ಮಧ್ಯಾಹ್ನ ಬಂತು. ಗಿರಾಕಿಗಳಿಲ್ಲದ ಹೊತ್ತು, ಅಂಗಡಿಯ ಒಳಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆಗ ಅವನು ಚಳಿಗಾಲದಲ್ಲಿ ಹಿಂಜುವ ಬಿಲ್ಲು ಹೊತ್ತುಕೊಂಡು ಕಮಲಾಪುರದ ಕಡೆ ಹೋಗುತ್ತಿದ್ದ. ಅಲ್ಲಿ ಲಲಿತಾಬಾಯಿ ಎಂಬವರ ಮನೆಯಲ್ಲಿ ಮಗಳು ಮಲ್ಲಿಕಾಳ ಮದುವೆಗೆಂದು ಎರಡು ದಿನದಲ್ಲಿ ನಾಲ್ಕು ಗಾದಿ ಹೊಲಿಯಬೇಕಿತ್ತು. ಎರಡನೆಯ ದಿನ ಸಂಜೆ, ನಾಲ್ಕರ ಅಂಚೂ ಮುಚ್ಚಿ ದಬ್ಬಣದ ಕೊನೆಯ ಹೊಲಿಗೆ ಮುಗಿಸಿ ನೋಡಿದರೆ ಬೆರಳುದ್ದದ ಸೂಜಿ ಇಲ್ಲ. ಚಾಪೆ ಝಾಡಿಸಿದ, ಅಂಗಳ ತಡವಿದ, ನಾಲ್ಕೂ ಗಾದಿಗಳ ಮೇಲೆ ಕೈಯಾಡಿಸಿದ. ಸಿಗಲಿಲ್ಲ. ನಾಲ್ಕರಲ್ಲಿ ಯಾವುದರಲ್ಲಿ ಉಳಿದಿದೆ ಎಂಬುದೂ ಗೊತ್ತಿಲ್ಲ. ಬಿಚ್ಚಿ ಹುಡುಕಬೇಕೆಂದರೆ ಇನ್ನೆರಡು ದಿನ ಬೇಕು, ಬೀಗರು ಮರುದಿನವೇ ಬರುವವರಿದ್ದರು. ಅವನ ಚೀಲದಲ್ಲಿ ಅದೇ ಅಳತೆಯ ಇನ್ನೊಂದು ಸೂಜಿ ಇತ್ತು. ಅದನ್ನು ತೆಗೆದು, ಎರಡು ದಬ್ಬಣಗಳ ಪಕ್ಕದಲ್ಲಿ ಅಂಗೈಯಲ್ಲಿಟ್ಟು, ಲಲಿತಾಬಾಯಿಯನ್ನು ಕರೆದ.

"ಎಲ್ಲಾ ಬಂದಾವ್ರಿ ಅಕ್ಕಾ ಅಂದೆ. ಆ ಹುಡುಗಿ ಅಂದಂಗನ ಅಂದೆ, ಅಷ್ಟ ಲಗೂನ."

ಆಮೇಲೆ ಅವನು ಆ ಊರಿಗೆ ಹೋಗುವುದನ್ನೇ ಬಿಟ್ಟ. ಯಾರಾದರೂ ಕಮಲಾಪುರದವರು ಎದುರಾದರೆ, ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳುವ ಧೈರ್ಯವಾಗದೆ ದಾರಿ ತಪ್ಪಿಸುತ್ತಿದ್ದ. ಈಗ ಅದೇ ಸೂಜಿ ತನ್ನ ಮೈಗೆ ಬಂದಿದೆ ಎಂದು ಅವನು ನಂಬಿದ್ದ. ಅದನ್ನು ತೆಗೆದರೆ ಇದೂ ಹೋದೀತು ಎಂದ. ಆ ಸೂಜಿ ಕಬ್ಬಿಣದ್ದು, ಈ ಸೂಜಿ ಸ್ಟೀಲಿನದು, ಎರಡಕ್ಕೂ ಏನು ನೆಂಟಸ್ತನ ಎಂದು ನಾನು ರೇಗಿದೆ. ರೇಗಿದೆ ನಿಜ, ಆದರೆ ಒಳಗೆ ನನಗೂ ಒಂಥರಾ ಆಯಿತು. ಮೂರು ಸೂಜಿ ತೋರಿಸದೆ ಗಾದಿ ಮುಟ್ಟಲು ಬಿಡದ ಈ ಮನುಷ್ಯನ ಹಟವನ್ನು ನಾನು ಮೂವತ್ತು ವರ್ಷ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಈಗ ಅದಕ್ಕೆ ಏನು ಹೆಸರಿಡಬೇಕೋ ತಿಳಿಯಲಿಲ್ಲ.

ಮರುದಿನ ಇಬ್ಬರೂ ಹುಮನಾಬಾದ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ಕೆಂಪು ಬಾಳೆಹಣ್ಣು ತರಬೇಕು ಎಂದು ನಾನು ಮನೆಯಲ್ಲಿ ನೆಪ ಹೇಳಿದ್ದೆ. ಲಲಿತಾಬಾಯಿ ಎಪ್ಪತ್ತರ ಹತ್ತಿರದ, ಹಣೆತುಂಬ ವಿಭೂತಿಯ, ಮಾತು ಕಡಿಮೆಯ ಹೆಂಗಸು. ಚಾಂದಪಾಶಾನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕೈಗೇನಾಯಿತು ಎಂದು ಕೇಳಿದರು. ನೋವು ಎಂದ. ಅವನಿಗೆ ನೋವು ಇಲ್ಲವೆಂದು ಗೊತ್ತಿದ್ದ ನಾನು ಗೋಡೆ ನೋಡಿದೆ.

ಪಡಸಾಲೆಯ ಮಂಚದ ಮೇಲೆ ಅವನು ಹೊಲಿದ ಗಾದಿಯೇ ಇತ್ತು. ತನ್ನ ಹೊಲಿಗೆಯನ್ನು ಅವನು ಬಾಗಿಲಿನಿಂದಲೇ ಗುರುತಿಸಿದ. ಅದರ ಮೇಲೆ ಮೂರು ವರ್ಷದ ಹುಡುಗಿಯೊಬ್ಬಳು, ಲಲಿತಾಬಾಯಿಯ ಮಗನ ಮಗಳು, ಕೆನ್ನೆ ಒತ್ತಿ ಬೋರಲು ಮಲಗಿ ನಿದ್ದೆಹೋಗಿದ್ದಳು. ಚಾಂದಪಾಶಾ ಮಂಚದ ತುದಿಗೆ ಕೂತ. ಮಾತಾಡುತ್ತಾ ಆಡುತ್ತಾ ಎಡಗೈಯಿಂದ ಗಾದಿಯನ್ನು ಒಂದು ಮೂಲೆಯಿಂದ ತಡವತೊಡಗಿದ. ಮಗುವಿನ ಸುತ್ತ, ಕಾಲ ಹತ್ತಿರ, ತಲೆಯ ಹತ್ತಿರ, ಗೇಣು ಗೇಣು ಒತ್ತಿ ನೋಡಿದ. ಅರಳೆ ಕಲ್ಲಾಗಿತ್ತು, ಏನೂ ತಿಳಿಯುವಂತಿರಲಿಲ್ಲ. ಅವನ ಹಣೆಯಲ್ಲಿ ಬೆವರು ಬಂತು. ಲಲಿತಾಬಾಯಿ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

ಉಳಿದ ಗಾದಿಗಳು ಎಲ್ಲಿವೆ ಎಂದು ಕೇಳಿದ. ಎರಡು ಮಲ್ಲಿಕಾಳ ಜೊತೆ ಬೀದರ ಕಡೆ ಹೋಗಿವೆ, ಇನ್ನೊಂದು ಒಳಗಿದೆ ಎಂದರು. ನಾಲ್ಕನ್ನೂ ತರಿಸಿರಿ, ಬಿಚ್ಚಿ ಹಿಂಜಿ ಹೊಸದಾಗಿ ಹೊಲಿದು ಕೊಡುತ್ತೇನೆ, ಏನೂ ಕೊಡಬೇಡಿ ಎಂದ. ಗಾದಿ ಛಲೋ ಇವೆ, ಯಾಕೆ ಸುಮ್ಮನೆ ಬಿಚ್ಚುವುದು ಎಂದು ಅವರು ಕೇಳಿದರು. ಅವನು ಬಾಯಿ ತೆರೆದ. ಮತ್ತೆ ಗಾದಿಯ ಅಂಚಿನ ಹೊಲಿಗೆಗೇ ಬೆರಳು ಹಚ್ಚಿದ.

"ಮತ್ತೇನರ ಮಾತದನೋ, ಚಾಂದ?" ಎಂದು ಲಲಿತಾಬಾಯಿಯೇ ಕೇಳಿದರು.

"ಇಲ್ರಿ ಅಕ್ಕಾ. ಹಂಗಽ ಬಂದಿದ್ದೆ."

ನನಗೆ ಎದ್ದು ಅವನ ತಲೆಗೆ ಒಂದು ಬಿಡಬೇಕೆನ್ನಿಸಿತು. ಲಲಿತಾಬಾಯಿ ನಾನು ಔಷಧಿ ಅಂಗಡಿಯವನೆಂದು ತಿಳಿದು, ತಮ್ಮ ಬೀಪಿಯ ಗುಳಿಗೆ ನಿಮ್ಮಲ್ಲಿ ಸಿಗುತ್ತದೆಯೇ ಎಂದು ಕೇಳಿ ಫೋನ್ ನಂಬರು ಕೊಟ್ಟರು. ಹೊರಡುವಾಗ ಹಿತ್ತಲಿನ ಬಾಳೆಯ ಒಂದು ಚಿಪ್ಪು ಕೈಗಿಟ್ಟರು. ಬಸ್ಸಿನಲ್ಲಿ ನಾನು ಬಾಯಿಗೆ ಬಂದ ಹಾಗೆ ಬಯ್ದೆ. ಮಗು ಮಲಗಿದ್ದು ಕಾಣಲಿಲ್ಲವೇ, ಒಂದು ಮಾತು ಹೇಳಲು ಏನಾಗಿತ್ತು ಎಂದೆ. ಹೇಳಬೇಕೆಂದೇ ಹೋಗಿದ್ದೆ, ಆದರೆ ಹತ್ತೊಂಬತ್ತು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ, ಅದು ಹೊಳೆಯಲಿಲ್ಲ ಎಂದ. ಕಟ್ಟಿದ ಟವೆಲ್ಲನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡ. ಊರು ಬರುವ ಹೊತ್ತಿಗೆ ನನಗೇ ಅನುಮಾನ ಶುರುವಾಗಿತ್ತು. ಇವನ ಬೆನ್ನಲ್ಲಿ ನಿಜಕ್ಕೂ ಸೂಜಿ ಇದ್ದರೆ? ಆ ಹುಡುಗಿ ನಿಜಕ್ಕೂ ಬಹಳ ಲಗೂನ ಹೇಳಿದಳಲ್ಲ. ಇಷ್ಟು ದಿನ ಅವನೊಬ್ಬನಿಗೆ ತಲೆ ಕೆಟ್ಟಿತ್ತು, ಈಗ ಇಬ್ಬರಿಗೂ ಕೆಟ್ಟಿತು.

ಅದಾಗಿ ಎರಡು ದಿನಕ್ಕೆ, ಬೆಳಗಿನ ಹನ್ನೊಂದರ ಹೊತ್ತಿಗೆ ಯಶೋಧರಾ ಸ್ಕೂಟಿ ಮೇಲೆ ನಮ್ಮ ಓಣಿಗೆ ಬಂದಳು. ಎರಡನೆಯ ಸಲದ ಚಿಕಿತ್ಸೆಗೆ ಅವನು ಹೋಗಿರಲಿಲ್ಲ. ಅವಳು ಮೂರು ಸಲ ಫೋನು ಮಾಡಿದ್ದಳಂತೆ, ಅವನು ಎತ್ತಿರಲಿಲ್ಲ. ನಾನು ಕೂಗಿ ಚಾಂದಪಾಶಾನನ್ನು ಅಂಗಡಿಗೆ ಕರೆದೆ. ಅವನ ಕುತ್ತಿಗೆಯ ಟವೆಲ್ಲು ನೋಡಿ ಅವಳ ಮುಖ ಬಿಳಿಚಿತು. ಕೂಡು ಎಂದರೂ ಕೂಡಲಿಲ್ಲ. ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದು, ಅವನ ಮುಖ ನೋಡಿಯೇ ಮಾತಾಡಿದಳು.

"ಕಾಕಾ, ಅವತ್ತ ನಾ ಎಣಸಲಾರದ ಎಲ್ಲಾ ಬಂದಾವ ಅಂದಿದ್ದೆ. ನೀವು ಹೋದ ಮ್ಯಾಲ ನೋಡಿದ್ರ ತಾಟಿನ್ಯಾಗ ಒಂಬತ್ತಽ ಇದ್ದವು."

ಆಮೇಲಿನದನ್ನು ತಡವರಿಸುತ್ತ ಹೇಳಿದಳು. ಜೀವ ಬಾಯಿಗೆ ಬಂದಂತಾಗಿ ಇಡೀ ಕೋಣೆ ಹುಡುಕಿದ್ದಳು. ಅರ್ಧ ಗಂಟೆಯ ಮೇಲೆ ಹತ್ತನೆಯದು ಮಂಚದ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಿತು, ಹಿಡಿಯ ಸಮೇತ, ಎಲ್ಲೂ ಮುರಿಯದೆ. ಅವನು ಉಸಿರು ಬಿಗಿಹಿಡಿದು ಮೈ ಬಿಟ್ಟಾಗ ತಾನಾಗಿ ಕಳಚಿ ಬಿದ್ದಿರಬೇಕು. ಸಿಕ್ಕಿತಲ್ಲ, ಇನ್ನು ಹೇಳುವುದೇಕೆ ಎಂದುಕೊಂಡಳು. ನಾನು ಫೋನು ಮಾಡಿದಾಗಲೂ ಸಿಕ್ಕ ಸುದ್ದಿ ಹೇಳಿದರೆ ಕಳೆದ ಸುದ್ದಿಯನ್ನೂ ಹೇಳಬೇಕಾಗುತ್ತದೆ ಎಂದು ಮುಚ್ಚಿಟ್ಟಳು. ಅವನು ಮತ್ತೆ ಬಾರದಿದ್ದಾಗ ಊಟ ಸೇರದಾಯಿತು. ಹಿರಿಯ ಡಾಕ್ಟರಿಗೂ ಹೇಳಿದ್ದೇನೆ, ನಿಮಗೆ ಬೇಕಾದರೆ ನಾನೇ ನಿಂತು ಎಕ್ಸ್‌ರೇ ತೆಗೆಸುತ್ತೇನೆ ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ಒರೆಸಿಕೊಳ್ಳಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಎಣಿಕೆ ಸರಿಯಾಗಿಯೇ ಇತ್ತು. ಹತ್ತು ಹೋಗಿದ್ದು ನಿಜ, ತಾಟಿಗೆ ಒಂಬತ್ತು ಬಿದ್ದದ್ದು ನಿಜ, ಅವಳು ಎಣಿಸದೆ ಹೇಳಿದ್ದೂ ನಿಜ. ಆದರೂ ಮೈಯಲ್ಲಿ ಸೂಜಿ ಇರಲಿಲ್ಲ. ಒಂದು ವಾರ ಗದರಿಸಿದ ನಾನು ಸರಿಯೋ ಅವನು ಸರಿಯೋ ಎಂಬುದೇ ನನಗೆ ತಿಳಿಯದಾಯಿತು. ಚಾಂದಪಾಶಾ ಮಾತ್ರ ಅವಳನ್ನೇ ನೋಡುತ್ತ ನಿಂತಿದ್ದ. ನೀನು ಇದನ್ನು ಹೇಳಲಿಕ್ಕೆಂದೇ ಬಂದೆಯಾ, ಯಾರೂ ಕಳಿಸಲಿಲ್ಲವೇ ಎಂದು ಕೇಳಿದ. ಯಾರೂ ಕಳಿಸಲಿಲ್ಲ ಎಂದಳು. ಎಷ್ಟು ವಯಸ್ಸು ಎಂದು ಕೇಳಿದ. ಇಪ್ಪತ್ತಾರು ಎಂದಳು. ಅವನು ಟವೆಲ್ಲಿನ ಗಂಟು ಬಿಚ್ಚಿ ನನ್ನ ಕೌಂಟರಿನ ಮೇಲಿಟ್ಟ.

"ಅಣ್ಣಾ, ಲಲಿತಕ್ಕಗ ಫೋನ್ ಹಚ್ಚು."

ಹಚ್ಚಿ ಸ್ಪೀಕರ್ ಹಾಕಿ ಕೊಟ್ಟೆ. ಯಶೋಧರಾ ಏನೂ ತಿಳಿಯದೆ ಹೊರಡಲು ತಿರುಗಿದಳು, ಅವನು ಕೈ ಅಡ್ಡ ಹಿಡಿದು ನಿಲ್ಲಿಸಿದ. ಅತ್ತ ಲಲಿತಾಬಾಯಿ ಹಲೋ ಎಂದ ಕೂಡಲೇ, ನಮಸ್ಕಾರವನ್ನೂ ಹೇಳದೆ ಒಂದೇ ಉಸಿರಿಗೆ ಹೇಳಿದ.

"ಅಕ್ಕಾ, ನಾ ಚಾಂದಪಾಶಾ. ಮಲ್ಲಿಕಾನ ಮದಿವ್ಯಾಗ ಹೊಲದ ಗಾದ್ಯಾಗ ಒಂದ ಸೂಜಿ ಉಳದದ. ಯಾವುದ್ರಾಗ ಅಂತ ಗೊತ್ತಿಲ್ಲ. ನಿಮಗ ಬ್ಯಾರೆ ಸೂಜಿ ತೋರಿಸಿ ಸುಳ್ಳ ಹೇಳಿದ್ದೆ. ಇವತ್ತಿಂದ ಯಾರನ್ನೂ ಅದರ ಮ್ಯಾಲ ಮಲಗಸಬ್ಯಾಡ್ರಿ. ನಾ ಬಂದು ಬಿಚ್ಚತೀನಿ."

ಅತ್ತ ಕಡೆ ಏನೋ ಪಾತ್ರೆ ಕೆಳಗಿಟ್ಟ ಸಪ್ಪಳವಾಯಿತು. ಆಮೇಲೆ ಲಲಿತಾಬಾಯಿಯ ದನಿ ಬಂತು, ಮೊನ್ನೆಯ ಹಾಗೆಯೇ ಸಮಾಧಾನದ ದನಿ.

"ಅದು ಅವತ್ತಽ ಸಿಕ್ಕದ, ಚಾಂದ. ನೀ ಹ್ವಾದ ತಾಸಿನ್ಯಾಗ, ಗಾದಿ ಮಡಚೂ ಮುಂದ ನನ್ನ ಅಂಗೈಗೆ ಚುಚ್ಚಿತು."

ಚಾಂದಪಾಶಾ ನನ್ನನ್ನು ನೋಡಿದ. ಕೇಳಿಸಿದ್ದು ತನಗೊಬ್ಬನಿಗೋ ನನಗೂ ಕೇಳಿಸಿತೋ ಎನ್ನುವ ಹಾಗೆ ನೋಡಿದ. ನಾನು ತಲೆಯಾಡಿಸಿದೆ.

"ಮತ್ತ ಯಾಕ ಹೇಳಲಿಲ್ರಿ?" ಎಂದು ಫೋನನ್ನು ಬಾಯಿಯ ಹತ್ತಿರ ತಂದು ಕೇಳಿದ.

"ನೀನಽ ಬಂದು ಹೇಳ್ತಿ ಅಂತ ಕಾದೆ. ನೀ ನಮ್ಮೂರಿಗೆ ಕಾಲಿಡೋದಽ ಬಿಟ್ಟಿ. ಮೊನ್ನೆ ಬಂದಾಗ ಹೇಳ್ತಿ ಅಂದ್ಕೊಂಡೆ, ಆಗೂ ಹೇಳಲಿಲ್ಲ. ಗಾದಿ ಛಲೋ ಅವ ಅಂತ ನಾನೂ ಸುಳ್ಳಽ ಹೇಳಿದೆ. ನೀ ಬರ್ತಿ ಅಂತ ಬ್ಯಾರೆಯವರ ಕೈಲೆ ಬಿಚ್ಚಸಲಿಲ್ಲೋ. ಹತ್ತೊಂಬತ್ತ ವರ್ಷದಿಂದ ಕಲ್ಲಿನ ಮ್ಯಾಲ ಮಲಗಾಕತ್ತೀವಿ. ಬರೂದಿದ್ರ ಬಾ."

ಫೋನು ಇಟ್ಟರು. ಅವನು ಅದನ್ನು ಕೌಂಟರಿನ ಮೇಲೆ ಇಡಲು ಹೋಗಿ ಜಾಗ ಕಾಣದೆ ಯಶೋಧರಾಳ ಕೈಗೆ ಕೊಟ್ಟ. ನಗಬೇಕೋ ನಾಚಬೇಕೋ ಅವನಿಗೆ ತಿಳಿಯುತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಏನಾಯಿತು ಕಾಕಾ ಎಂದು ಅವಳು ಕೇಳಿದಳು. ಅವನು ಎರಡೂ ಕೈಯೆತ್ತಿ ಮುಖ ಮುಚ್ಚಿಕೊಂಡು, ಗುಳಿಗೆಗೆ ಬಂದು ನಿಂತ ಗಿರಾಕಿಗಳ ಮುಂದೆಯೇ ಅಳತೊಡಗಿದ.